ಹೆಸರು ಹೇಳದೆ ಹೋದ ಹಿರಿಯರಿಗೆ ಧನ್ಯವಾದ

ಧಾರವಾಡದ ದಂತ ಚಿಕಿತ್ಸಾಲಯದಲ್ಲಿ ಸರದಿಗಾಗಿ ಕುಳಿತಿದ್ದ ನಮ್ಮ ಅವ್ವನವರಿಗೆ ತಮ್ಮ ಇಂಪ್ಲಾಂಟ್ ಹಲ್ಲನ್ನೇ (ದವಡೆಯಲ್ಲಿ ತಿರುಪು ಕೂರಿಸಿ ಅದರ ಮೇಲೆ ಕೂಡಿಸುವ ಕೃತಕ ಹಲ್ಲು) ತೋರಿಸಿ ಧೈರ್ಯ ತುಂಬಿದ ಹಿರಿಯರಿಗೆ ಹೃತ್ಪೂರ್ವಕ ಧನ್ಯವಾದಗಳು. ಟೈಟಾನಿಯಂ ತಿರುಪನ್ನು ದವಡೆಯ ಎಲುಬಿನಲ್ಲಿ ಕೂರಿಸುವಾಗ ಜಾಗ ಮರಗಟ್ಟಿರುವುದರಿಂದ ನೋವಿಗಿಂತ ಒತ್ತಡ ಹಾಗೂ ಯಂತ್ರದ ಕಂಪನವೇ ಹೆಚ್ಚು ತಿಳಿಯುತ್ತದೆ, ಬಾವು ಎರಡು-ಮೂರು ದಿನ ಏರಿ ಆಮೇಲೆ ಇಳಿಯುತ್ತದೆ, ಎಲುಬು ತಿರುಪಿಗೆ ಬೆಸೆದುಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಹಿಡಿಯುವುದರಿಂದ ಅದರ ಮೇಲೆ ಕೂಡಿಸುವ ಹಲ್ಲಿಗೆ ಅವಸರಪಡಬಾರದು ಎಂದು ತಾವು ಬಿಡಿಸಿ ಹೇಳಿದ್ದು, ನಿಜ ಹೇಳಬೇಕೆಂದರೆ, ಚಿಕಿತ್ಸಾಲಯದವರು ಕೊಟ್ಟ ಕಾಗದಕ್ಕಿಂತ ಚೆನ್ನಾಗಿ ಮನದಟ್ಟಾಯಿತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರದಿದ್ದರೆ ಗಾಯ ಮಾಯುವುದು ತಡವಾಗುತ್ತದೆಂದು ತಾವು ಎಚ್ಚರಿಸಿದ್ದರಿಂದಲೇ ಅವ್ವನವರು ಮೊದಲು ರಕ್ತಪರೀಕ್ಷೆ ಮಾಡಿಸಿಕೊಂಡರು. ಖಡಕ್ ರೊಟ್ಟಿ ಬಿಟ್ಟು ನುಚ್ಚು-ಮಜ್ಜಿಗೆಯ ಮೇಲಿರಬೇಕೆಂದಾಗ ಮಾತ್ರ ಅವರ ಮುಖ ಸಪ್ಪಗಾಗಿತ್ತು. ಈಗ ಹಲ್ಲು ಕೂಡಿಸಿದ್ದಾರೆ. ತಾವು ಹೇಳಿದಂತೆಯೇ ಸಂದಿಗೆ ಸಣ್ಣ ಬ್ರಷ್ ಹಾಕಿ ದಿನಾಲೂ ಸ್ವಚ್ಛ ಮಾಡಿಕೊಳ್ಳುತ್ತಿದ್ದಾರೆ.