"ಮಾರಿಕೊಂಡರು" ಅಂತ ಬರೆಯಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನ ಪ್ರಬಂಧ ಎರಡು ಸಲ ಓದಿದೆ. ಚೆನ್ನಾಗಿದೆ, ಆದರೆ ಒಂದು ಸಾಲು ಮನಸ್ಸಿಗೆ ಚುಚ್ಚಿತು. ಚೀನಾ, ತೈವಾನ್ ಇಬ್ಬರಲ್ಲಿ ಯಾರು ಜಾಸ್ತಿ ಕೊಡ್ತಾರೋ ಅವರಿಗೆ ಪೆಸಿಫಿಕ್‌ನ ಪುಟ್ಟ ದೇಶಗಳು ಮಾರಿಕೊಳ್ಳುತ್ತವೆ ಅಂದಿದ್ದೀಯಲ್ಲ, ಅದು. ಚೀನಾದ ಬೀಜಿಂಗ್ ಸರ್ಕಾರ, ತೈವಾನಿನ ತೈಪೆ ಸರ್ಕಾರ, ಇಬ್ಬರಲ್ಲಿ ಒಬ್ಬರನ್ನು ಒಪ್ಪಿಕೊಂಡರೆ ಇನ್ನೊಬ್ಬರ ಜೊತೆ ರಾಯಭಾರ ಸಂಬಂಧ ಇಟ್ಟುಕೊಳ್ಳೋಕೆ ಆಗಲ್ಲ, ಆರಿಸಿಕೊಳ್ಳಲೇಬೇಕು.

ನೌರು ನೋಡು. ಇಡೀ ದೇಶ 21 ಚದರ ಕಿಲೋಮೀಟರ್, ಜನ ಸುಮಾರು 12 ಸಾವಿರ. ಬೇರೆಯವರ ಹೊಲದ ಗೊಬ್ಬರಕ್ಕೆ ಫಾಸ್ಫೇಟ್ ಅಗೆದೂ ಅಗೆದೂ ದ್ವೀಪದ ನಡುಭಾಗದಲ್ಲಿ ಈಗ ಬರೀ ಮೊನಚು ಸುಣ್ಣದ ಕಲ್ಲುಗಳು ನಿಂತಿವೆ, ಅಲ್ಲಿ ಮನೆ ಕಟ್ಟಲೂ ಆಗಲ್ಲ, ಬೆಳೆ ತೆಗೆಯಲೂ ಆಗಲ್ಲ, ಜನ ದಡದ ಪಟ್ಟಿಯಲ್ಲೇ ಬದುಕಬೇಕು. ಆ ದೇಶ 1980ರಿಂದ ತೈವಾನ್ ಜೊತೆಗಿತ್ತು. 2002ರಲ್ಲಿ ಬೀಜಿಂಗ್ ಕಡೆ ಹೋಯಿತು, 2005ರಲ್ಲಿ ವಾಪಸ್ ಬಂತು, 2024ರ ಜನವರಿ 15ಕ್ಕೆ, ತೈವಾನ್ ಚುನಾವಣೆ ಮುಗಿದ ಎರಡೇ ದಿನಕ್ಕೆ, ಮತ್ತೆ ಬೀಜಿಂಗ್ ಕಡೆ. ದುಡ್ಡಿನ ಲೆಕ್ಕ ಇತ್ತು, ಇಲ್ಲ ಅನ್ನಲ್ಲ. ಆದರೆ ನೆಲವೇ ಖಾಲಿಯಾದವರ ಕೈಲಿ ಚೌಕಾಸಿ ಮಾಡೋಕೆ ಇನ್ನೇನು ಉಳಿದಿತ್ತು ಹೇಳು?

ದುಡ್ಡೇ ಎಲ್ಲ ಆಗಿದ್ದರೆ, ತೈವಾನ್ ಜೊತೆಗಿರುವ ಇನ್ನೊಂದು ಪುಟ್ಟ ದೇಶ ತುವಾಲು ಯಾವತ್ತೋ ಬೀಜಿಂಗ್ ಕಡೆ ತಿರುಗಬೇಕಿತ್ತು. ಸಮುದ್ರ ಏರುತ್ತಿರುವ ದೇಶ ಅದು. ಕೃತಕ ದ್ವೀಪ ಕಟ್ಟಿಕೊಡ್ತೀವಿ ಅಂತ ಚೀನೀ ಕಂಪನಿಗಳು ಬಂದಾಗ, 2019ರಲ್ಲಿ, ಬೇಡ ಅಂದರು. ಅವರ ರಾಜಧಾನಿ ಫುನಾಫುಟಿಯ ಮರಳಲ್ಲಿ ತರಕಾರಿ ಬೆಳೆಯೋದೇ ಕಷ್ಟ. ಅಲ್ಲಿ ತೈವಾನಿನವರು ಗೊಬ್ಬರ ಮಣ್ಣು ಮಾಡಿ ಸೌತೆ, ಕುಂಬಳ ಬೆಳೆಯುವ ತೋಟ ನಡೆಸುತ್ತಿದ್ದಾರೆ. ಊಟದ ತಟ್ಟೆಗೆ ಬಂದ ಸೌತೆಕಾಯಿ ಜನಕ್ಕೆ ನೆನಪಿರುತ್ತೆ ಅಲ್ವಾ?

ನಮ್ಮ ದೇಶವೂ ಆರಿಸಿಕೊಂಡಿದೆ ಮಗಳೇ. 1949ರ ಡಿಸೆಂಬರ್‌ನಲ್ಲೇ ಬೀಜಿಂಗ್ ಸರ್ಕಾರವನ್ನು ಒಪ್ಪಿಕೊಂಡೆವು. ಆದರೂ 1995ರಿಂದ ತೈಪೆಯಲ್ಲಿ, ರಾಯಭಾರ ಕಚೇರಿ ಅನ್ನುವ ಬೋರ್ಡ್ ಇಲ್ಲದೆ, ನಮ್ಮ ಕಚೇರಿ ಇದೆ, ದೇವನಹಳ್ಳಿಯಲ್ಲಿ ತೈವಾನ್ ಕಂಪನಿ ಐಫೋನ್ ಜೋಡಿಸುತ್ತಿದೆ. ದೊಡ್ಡವರು ಹೀಗೆ ಎರಡೂ ಕಡೆ ನಡೆಸಿಕೊಂಡು ಹೋಗಬಹುದು. ನೌರುಗೆ ಅಷ್ಟು ಜಾಗ ಯಾರು ಬಿಡ್ತಾರೆ?

ಹಾಗಂತ ಪುಟ್ಟ ದೇಶದ ಸರ್ಕಾರ ಮಾಡಿದ್ದೆಲ್ಲ ಸರಿ ಅಂತಲೂ ಬರೆಯಬೇಡ. ಸೊಲೊಮನ್ ದ್ವೀಪಗಳು 36 ವರ್ಷದ ತೈವಾನ್ ನಂಟನ್ನು 2019ರ ಸೆಪ್ಟೆಂಬರ್‌ನಲ್ಲಿ ಕಡಿದುಕೊಂಡವು. ಮಲೈಟಾ ಪ್ರಾಂತ್ಯ ಒಪ್ಪಲೇ ಇಲ್ಲ. ಹಳೇ ಸಿಟ್ಟು, ಬಡತನ ಎಲ್ಲ ಸೇರಿ 2021ರ ನವೆಂಬರ್‌ನಲ್ಲಿ ರಾಜಧಾನಿ ಹೋನಿಯಾರಾದ ಚೈನಾಟೌನ್ ಹೊತ್ತಿ ಉರಿಯಿತು, ಸುಟ್ಟ ಕಟ್ಟಡದಲ್ಲಿ ಮೂರು ಹೆಣ ಸಿಕ್ಕವು. ಎಷ್ಟು ಕೊಟ್ಟರು ಅನ್ನೋದನ್ನು ನೀನು ಚೆನ್ನಾಗಿ ಹುಡುಕಿದ್ದೀಯ. ಅಲ್ಲಿನ ಜನರನ್ನು ಯಾರಾದರೂ ಕೇಳಿದರಾ ಅನ್ನೋದನ್ನೂ ಹುಡುಕು.

ತಿದ್ದಿ ಮತ್ತೆ ಕಳಿಸು. ಭಾನುವಾರ ಕೂತು ಓದ್ತೀನಿ.

ನಿನ್ನ ದೊಡ್ಡಪ್ಪ