ಪಕ್ಕದ ಟೇಬಲ್ಲಿಗೆ ಬಂದು ಕೂತ ರಿಚರ್ಡ್

ಲೋ ಗೆಳೆಯಾ,

ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ನಗಲು ಶುರು ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ ನಿಜ, ಆದರೆ ಹೆಸರು, ಊರು ಎಲ್ಲ ತೆಗೆದಿದ್ದೇನೆ. ಗಾಬರಿ ಬೇಡ.

ಹೋದ ಭಾನುವಾರ ಒಂದು ಮದುವೆಗೆ ಹೋಗಿದ್ದೆವು. ಊಟಕ್ಕೆ ಕೂತಿದ್ದೆ. ಎಲೆಗೆ ಇನ್ನೂ ಕೋಸಂಬರಿ ಬಿದ್ದಿತ್ತು ಅಷ್ಟೇ, ಎದುರಿನ ಸಾಲಿನಲ್ಲಿ ಅವಳು ಬಂದು ಕೂತಳು. ಯಾರು ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅವಳ ಪಕ್ಕ ಅವಳ ಗಂಡ, ನನ್ನ ಪಕ್ಕ ನನ್ನ ಹೆಂಡತಿ. ಎದ್ದು ಹೋಗುವ ಹಾಗಿಲ್ಲ, ಎಲೆ ಮುಂದಿದೆ. ನನ್ನ ತಲೆ ನೋಡಿ "ಕೂದಲು ಕಮ್ಮಿ ಆಗಿದೆ ಅಲ್ವಾ?" ಅಂದಳು. ನಾನು "ಹೂಂ, ಬಾಡಿಗೆ ಜಾಸ್ತಿ ಆಯ್ತು ಅಂತ ಖಾಲಿ ಮಾಡಿಕೊಂಡು ಹೋದವು" ಅಂದೆ. ಅವಳ ಗಂಡ ಒಬ್ಬರೇ ನಕ್ಕರು.

ಆಗ ನೆನಪಾಗಿದ್ದು 'ಫ್ರೆಂಡ್ಸ್' ಅನ್ನುವ ಅಮೆರಿಕದ ಟಿವಿ ಕಾಮಿಡಿಯ ಚಾಂಡ್ಲರ್. ಮುಜುಗರ ಆದ ಕೂಡಲೇ ಬಾಯಿಗೆ ಬಂದ ಜೋಕ್ ಹೊಡೆಯುವ ನಮ್ಮ ಚಾಂಡ್ಲರ್.

'ಫ್ರೆಂಡ್ಸ್' ಆರನೇ ಸೀಸನ್ನಿನ ಕೊನೆ ಎಪಿಸೋಡು ನೆನಪಿದೆಯಾ? ಹಾಸ್ಟೆಲ್ಲಿನಲ್ಲಿ ಒಂದೇ ಕಂಪ್ಯೂಟರಿನ ಮುಂದೆ ಏಳೆಂಟು ಜನ ಕೂತು ನೋಡಿದ್ದೆವು. ಅಮೆರಿಕದಲ್ಲಿ ಅದು ಎನ್‌ಬಿಸಿ ಚಾನೆಲ್ಲಿನಲ್ಲಿ ಬಂದದ್ದು 2000ದ ಮೇ 18ರಂದು, ಎರಡು ಭಾಗ ಒಟ್ಟಿಗೆ. ನಾವು ನೋಡುವ ಹೊತ್ತಿಗೆ ಅಲ್ಲಿ ಅದು ಹಳೇ ಸುದ್ದಿ. ಮೋನಿಕಾ ಯಾರನ್ನು ಮದುವೆ ಆಗಬೇಕು ಅಂತ ಆವತ್ತು ರಾತ್ರಿ ನೀನು ಅವಳ ಹಳೇ ಪ್ರೇಮಿ ರಿಚರ್ಡ್ ಪರ, ನಾನು ಆಗಿನ ಪ್ರೇಮಿ ಚಾಂಡ್ಲರ್ ಪರ. ಎರಡು ಗಂಟೆವರೆಗೂ ಜಗಳ ಆಡಿದ್ದೆವು, ನಮಗೇ ಮದುವೆ ಇದೆಯೇನೋ ಅನ್ನುವ ಹಾಗೆ.

ಮದುವೆಯಿಂದ ಬಂದ ರಾತ್ರಿ ಅದನ್ನು ಮತ್ತೆ ಹಾಕಿಕೊಂಡು ನೋಡಿದೆ. ಚಾಂಡ್ಲರ್ ದೊಡ್ಡ ಹೋಟೆಲ್ಲಿಗೆ ಮೋನಿಕಾಳನ್ನು ಕರೆದುಕೊಂಡು ಹೋಗಿದ್ದಾನೆ. ಮದುವೆ ಆಗ್ತೀಯಾ ಅಂತ ಕೇಳುವುದೊಂದೇ ಬಾಕಿ. ಅಷ್ಟರಲ್ಲಿ ಬಾಗಿಲಲ್ಲಿ ರಿಚರ್ಡ್, ಜೊತೆಗೆ ಒಬ್ಬ ಹೆಂಗಸು. ಊರಲ್ಲಿ ಬೇರೆ ಟೇಬಲ್ಲೇ ಇಲ್ಲವೇನೋ ಅನ್ನುವ ಹಾಗೆ ಅವರನ್ನು ತಂದು ಇವರ ಪಕ್ಕದಲ್ಲೇ ಕೂರಿಸುತ್ತಾರೆ. ಮೋನಿಕಾ ಮೊದಲು ಗಮನಿಸುವುದು ಮೀಸೆಯನ್ನು. 1997ರಲ್ಲಿ ವಿಡಿಯೋ ಅಂಗಡಿಯಲ್ಲಿ ಸಿಕ್ಕಾಗ ಅವನು ಮೀಸೆ ತೆಗೆದಿದ್ದ. ಈಗ ಮತ್ತೆ ಬೆಳೆಸಿದ್ದಾನೆ. ನೋಡು, ಅಲ್ಲಿ ಮೀಸೆ, ಇಲ್ಲಿ ಕೂದಲು. ಹಳೆಯವರು ಸಿಕ್ಕಾಗ ಎಲ್ಲರೂ ಮೊದಲು ಇಂಥದ್ದನ್ನೇ ಮಾತಾಡುವುದು ಅಂತ ಕಾಣುತ್ತದೆ.

ಚಾಂಡ್ಲರ್ ಆವತ್ತು ಕೇಳುವುದೇ ಇಲ್ಲ. ಮರುದಿನದಿಂದ ಮೋನಿಕಾಗೆ ಸುಳಿವು ಸಿಗಬಾರದು ಅಂತ, ಮದುವೆ ಅಂದರೆ ತನಗೆ ಆಗಿಬರಲ್ಲ ಅನ್ನುವ ನಾಟಕ ಶುರು ಮಾಡುತ್ತಾನೆ. ಅದನ್ನು ಸ್ವಲ್ಪ ಜಾಸ್ತಿಯೇ ಚೆನ್ನಾಗಿ ಆಡುತ್ತಾನೆ. ಹಾಸ್ಟೆಲ್ಲಿನಲ್ಲಿ ಇದಕ್ಕೇ ಬಿದ್ದು ಬಿದ್ದು ನಕ್ಕಿದ್ದೆವು. ಈ ಸಲ ನಗು ಬರಲಿಲ್ಲ ಕಣೋ. ಮೋನಿಕಾಳ ಮುಖ ನೋಡುತ್ತಿದ್ದೆ.

ಅದೇ ಹೊತ್ತಿಗೆ ರಿಚರ್ಡ್ ಅವಳು ಅಡುಗೆ ಮಾಡುವ ಹೋಟೆಲ್ಲಿಗೆ ಬರುತ್ತಾನೆ. ಇನ್ನೂ ನಿನ್ನ ಮೇಲೆ ಪ್ರೀತಿ ಇದೆ, ಮದುವೆ ಆಗೋಣ, ಮಕ್ಕಳೂ ಬೇಕು ಅನ್ನುತ್ತಾನೆ.

ಇಲ್ಲಿ ನಿಲ್ಲಿಸಿ ಹಿಂದಿನ ಕಥೆ ಹೇಳುತ್ತೇನೆ, ನಿನಗೆ ಮರೆತಿರಬಹುದು. ರಿಚರ್ಡ್ ಕಣ್ಣಿನ ಡಾಕ್ಟರ್, ಅವಳ ಅಪ್ಪನ ಸ್ನೇಹಿತ, ಅವಳಿಗಿಂತ 21 ವರ್ಷ ದೊಡ್ಡವನು. ಮಕ್ಕಳನ್ನು ಬೆಳೆಸಿ ಮುಗಿಸಿದವನು. 1996ರಲ್ಲಿ, ಎರಡನೇ ಸೀಸನ್ ಕೊನೆಗೆ, ಇಬ್ಬರೂ ಒಂದು ಮದುವೆ ಮನೆಯಲ್ಲಿ ಕುಣಿಯುತ್ತಾ ಕುಣಿಯುತ್ತಾ ಬೇರೆಯಾಗುತ್ತಾರೆ. ನಿನ್ನ ಜೊತೆ ಇರುವುದಕ್ಕೆ ಮಗು ಆಗಲೇಬೇಕು ಅಂದರೆ ಆಗಲಿ, ಮಾಡುತ್ತೇನೆ ಅನ್ನುತ್ತಾನೆ ಅವನು. ಆ 'ಆಗಲೇಬೇಕು ಅಂದರೆ' ಇದೆಯಲ್ಲ, ಅಲ್ಲೇ ಅವಳಿಗೆ ಎಲ್ಲ ಅರ್ಥವಾಗುತ್ತದೆ. ನಾಲ್ಕು ವರ್ಷ ಆದ ಮೇಲೆ ಅದೇ ಮನುಷ್ಯ ಬಂದು 'ಬೇಕು' ಅನ್ನುತ್ತಾನೆ. ಅವಳು ಆವತ್ತು ಕೇಳಲು ಕಾದಿದ್ದ ಮಾತು ಅದೇ. ಆದರೆ 1998ರಲ್ಲಿ ಲಂಡನ್ನಿನಲ್ಲಿ, ಅವಳ ಅಣ್ಣ ರಾಸ್ ಮದುವೆಗೆ ಹೋದಾಗ, ಅವಳಿಗೆ ಚಾಂಡ್ಲರ್ ಸಿಕ್ಕಾಗಿತ್ತು.

ಆಗ ನಾವು ಗಮನಿಸದೆ ಹೋದದ್ದು ಒಂದಿದೆ. ಹಳೇ ಪ್ರೇಮಿ ವಾಪಸ್ ಬಂದ ಅಂದರೆ ನಮ್ಮ ಧಾರಾವಾಹಿಗಳಲ್ಲಿ ಹಿಂದೆ ಜೋರು ಮ್ಯೂಸಿಕ್ ಹಾಕಿ ಮೂರು ಸಲ ಮುಖ ತೋರಿಸುತ್ತಾರೆ, ಅಲ್ವಾ? ಅವನೋ ಅವಳೋ ಮನೆ ಒಡೆಯಲಿಕ್ಕೇ ಬಂದಿರಬೇಕು. ಇಲ್ಲಿ ಹಾಗಿಲ್ಲ. ರಿಚರ್ಡ್ ಒಂದೂ ಕೆಟ್ಟ ಮಾತಾಡುವುದಿಲ್ಲ. ಚಾಂಡ್ಲರ್ ಬಗ್ಗೆ ಚಾಡಿ ಹೇಳುವುದಿಲ್ಲ. ಟಾಮ್ ಸೆಲೆಕ್ ಆ ಪಾತ್ರವನ್ನು ದನಿ ಏರಿಸದೆ ಮಾಡಿದ್ದಾನೆ. ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು ಚಿತ್ರೀಕರಿಸುವ ಕಾಮಿಡಿ ಅದು, ನಿಮಿಷಕ್ಕೆ ಒಂದು ನಗು ಬೇಕೇ ಬೇಕು. ಅಂಥದ್ದರಲ್ಲಿ ಒಬ್ಬ ಮನುಷ್ಯ ಗಂಭೀರವಾಗಿ ನಿಂತು ತಡವಾಗಿ ಬಂದಿದ್ದೇನೆ ಅಂತ ಒಪ್ಪಿಕೊಳ್ಳುವುದು ಸುಲಭ ಅಲ್ಲ. ನಿಜವಾಗಿ ತೊಂದರೆ ಆದದ್ದು ಚಾಂಡ್ಲರನ ನಾಟಕದಿಂದ. ರಿಚರ್ಡ್ ಬಂದ ಗಳಿಗೆ ಸರಿ ಇರಲಿಲ್ಲ, ಅಷ್ಟೇ.

(ಚಾಂಡ್ಲರನ ಗೆಳೆಯ ಜೋಯಿ ಕಥೆ ಬಿಡು. ಹರಾಜನ್ನು ಬೆಲೆ ಊಹಿಸುವ ಆಟ ಅಂದುಕೊಂಡು ಇಪ್ಪತ್ತು ಸಾವಿರ ಡಾಲರಿಗೆ ದೋಣಿ ಕೂಗುತ್ತಾನೆ. ಅದಕ್ಕೆ ಮಾತ್ರ ಈಗಲೂ ನಕ್ಕೆ.)

ರಿಚರ್ಡ್ ಮೋನಿಕಾಳನ್ನು ಕೇಳಿದ ವಿಷಯ ಗೊತ್ತಾದ ಮೇಲೆ ಚಾಂಡ್ಲರ್ ಓಡಿಕೊಂಡು ಹೋಗುವುದು ರಿಚರ್ಡ್ ಮನೆಗೆ. ಅವಳು ಅಲ್ಲೇ ಇದ್ದಾಳೆ ಅಂದುಕೊಂಡು ಕೂಗಾಡುತ್ತಾನೆ. ರಿಚರ್ಡ್ ಬೇಕಿದ್ದರೆ ಸುಮ್ನೆ ಇರಬಹುದಿತ್ತು. ಅವನು ಹೋಗು, ಅವಳ ಹತ್ತಿರ ಹೋಗು ಅನ್ನುತ್ತಾನೆ. ಸಿಕ್ಕರೆ ಬಿಡಬೇಡ ಅಂತಲೂ ಹೇಳುತ್ತಾನೆ. ಹೇಳಿ ತಾನು ಅಲ್ಲೇ ಉಳಿಯುತ್ತಾನೆ. ನೀನು ಆವತ್ತು "ಪಾಪ ಕಣ್ರೋ" ಅಂದಿದ್ದು ಇದಕ್ಕೇ. ನಾವೆಲ್ಲ ನಿನ್ನ ತಲೆಗೆ ದಿಂಬು ಎಸೆದಿದ್ದೆವು. ನೀನು ಹೇಳಿದ್ದು ಸರಿ ಇತ್ತು ಮಾರಾಯ, ಇಷ್ಟು ವರ್ಷಕ್ಕೆ ಒಪ್ಪಿಕೊಂಡಿದ್ದೇನೆ.

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. ಮನೆ ತುಂಬ ಮೇಣದ ಬತ್ತಿ. ಮೋನಿಕಾಳೇ ಮಂಡಿಯೂರಿ ಕೇಳಲು ಹೊರಟು, ಅಳು ಬಂದು ಮಾತು ಮುಗಿಸಲಾಗದೆ ನಿಲ್ಲುತ್ತಾಳೆ. ಆಗ ಚಾಂಡ್ಲರನೂ ಮಂಡಿಯೂರಿ ಕೂರುತ್ತಾನೆ. ಅಲ್ಲಿ ಒಂದೇ ಒಂದು ಜೋಕ್ ಹೊಡೆಯುವುದಿಲ್ಲ. ಆ ಪಾತ್ರ ಮಾಡಿದ ಮ್ಯಾಥ್ಯೂ ಪೆರಿ 2023ರ ಅಕ್ಟೋಬರಿನಲ್ಲಿ ತೀರಿಕೊಂಡ. ಅದು ಗೊತ್ತಿದ್ದು ಆ ದೃಶ್ಯ ನೋಡುವುದು ಬೇರೆಯೇ. ಎರಡು ಸಲ ನೋಡಿದೆ.

ಒಂದು ವಿಷಯ ಮಾತ್ರ ಬಗೆಹರಿಯಲಿಲ್ಲ. ಛತ್ರದಲ್ಲಿ ನಾನು ಮಾತಾಡಿದ್ದು ಚಾಂಡ್ಲರ್ ಹಾಗೆ, ಆದರೆ ಕೂತಿದ್ದು ರಿಚರ್ಡ್ ಜಾಗದಲ್ಲಿ. ಮೀಸೆ ಬೇರೆ ಇಲ್ಲ.

ಅವಳು ಕೈ ತೊಳೆದು ಬಂದು "ಬರ್ತೀನಿ" ಅಂದು ಹೋದಳು. ನನ್ನ ಹೆಂಡತಿಯ ಕೈಯನ್ನೂ ಹಿಡಿದುಕೊಂಡು ಮಾತಾಡಿದಳು. ಕಾರಿನಲ್ಲಿ ಅರ್ಧ ದಾರಿಯವರೆಗೆ ಇವಳು ಏನೂ ಕೇಳಲಿಲ್ಲ. ನಾನೇ ತಡೆಯಲಾರದೆ "ಕಾಲೇಜಿನಲ್ಲಿ ನಮ್ಮ ಜೊತೆ ಓದುತ್ತಿದ್ದಳು" ಅಂದೆ.

"ಗೊತ್ತಾಯ್ತು ಬಿಡಿ" ಅಂದಳು. "ಮನೆಯಲ್ಲಿ ಒಂದು ಹೋಳಿಗೆ ಹಾಕಿದರೆ ಶುಗರ್ ಅಂತೀರಿ. ಅಲ್ಲಿ ಮೂರು ತಿಂದಿರಿ."

ನಿನ್ನ
ಹಳೇ ರೂಮ್‌ಮೇಟ್