ಕಟಪಾಡಿಯ ಜಾಗ ಮಾರುವ ಮೊದಲು

ಶಂಕರಪುರ

ಚಿರಂಜೀವಿ ಹರೀಶನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಮಗಳನ್ನು ಇಂಜಿನಿಯರಿಂಗಿಗೆ ಸೇರಿಸುವುದಕ್ಕಾಗಿ ಕಟಪಾಡಿಯ 20 ಸೆಂಟ್ಸ್ ಜಾಗ ಮಾರಲು ಹೊರಟಿದ್ದೀಯಂತೆ. ಅವಳಿಗೆ ಈ ಸುದ್ದಿಯೇ ಗೊತ್ತಿಲ್ಲವಂತೆ. ನಿನ್ನ ಅಮ್ಮ ಫೋನಿನಲ್ಲಿ ಹೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಾರಬೇಡ ಎಂದು ಅಪ್ಪಣೆ ಕೊಡುವ ಹಕ್ಕು ನನಗಿಲ್ಲ. ಆದರೆ ಮುಂಗಡ ತೆಗೆದುಕೊಳ್ಳುವ ಮೊದಲು ಈ ಕಾಗದ ಓದು, ಓದಿ ಅವಳ ಕೈಗೂ ಕೊಡು.

ನಿನ್ನ ದೊಡ್ಡಪ್ಪ ಸಂಜೆ ಹೊತ್ತು ಅಂಗಡಿ ಅಂಗಡಿಗೆ ಹೋಗಿ ಪಿಗ್ಮಿ ಸಂಗ್ರಹಿಸುತ್ತಿದ್ದುದು ನಿನಗೆ ನೆನಪಿರಬೇಕು. 1928ರಲ್ಲಿ ನಮ್ಮ ಉಡುಪಿಯಲ್ಲೇ ಟಿ.ಎಂ.ಎ. ಪೈಯವರ ಬ್ಯಾಂಕು ಆರಂಭಿಸಿದ ದಿನದ ಉಳಿತಾಯದ ಯೋಜನೆ ಅದು. ದಿನಕ್ಕೆ ಎರಡಾಣೆ ಕೊಟ್ಟರೂ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ನನ್ನ ಮಗ, ನಿನ್ನಣ್ಣ, ಕಾಲೇಜು ಓದಿದ್ದು ಆ ಪಿಗ್ಮಿ ಮತ್ತು ಹಿತ್ತಲಿನ 40 ಮಲ್ಲಿಗೆ ಗಿಡಗಳಿಂದ. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಕೊಯ್ದಾಗಿರಬೇಕು. ನೀರಿನಲ್ಲಿ ನೆನೆಸಿಟ್ಟ ಬಾಳೆನಾರು ಹಿಡಿದು ಜಗಲಿಯಲ್ಲಿ ಕುಳಿತರೆ ತಲೆಯೆತ್ತಲು ಪುರುಸೊತ್ತಿಲ್ಲ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ನಿನ್ನಣ್ಣನೂ ಕಾಲೇಜಿಗೆ ಹೊರಡುವ ಮುಂಚೆ ಅರ್ಧ ಚೆಂಡಾದರೂ ಕಟ್ಟಿಯೇ ಹೋಗುತ್ತಿದ್ದ.

ಮೊದಲ ವರ್ಷ ನಾನು ಒಂದು ತಪ್ಪು ಮಾಡಿದೆ. ಮಲ್ಲಿಗೆಗೆ ಬೆಲೆ ಬರುವುದು ಮದುವೆಯ ತಿಂಗಳುಗಳಲ್ಲಿ. ಕಾಲೇಜಿನವರು ಶುಲ್ಕ ಕೇಳುವುದು ಮಳೆಗಾಲದಲ್ಲಿ. ಆಗ ಮೊಗ್ಗು ಗಿಡದಲ್ಲೇ ಕೊಳೆಯುತ್ತದೆ, ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ, ಕೇಳುವವರೂ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕೈತುಂಬ ಬಂದ ಹಣವನ್ನು ಮನೆ ಖರ್ಚಿಗೆ ಸುರಿದು, ಜುಲೈಯಲ್ಲಿ ಬಳೆ ಅಡವಿಟ್ಟೆ. ಮರುವರ್ಷದಿಂದ ಹೂವಿನ ಹಣ ಬಂದ ದಿನವೇ ನಿನ್ನ ದೊಡ್ಡಪ್ಪನ ಕೈಗೆ ಕೊಟ್ಟು ರಶೀದಿ ಬರೆಸಿಕೊಳ್ಳುತ್ತಿದ್ದೆ. ಆ ಖಾತೆಗೆ ಶುಲ್ಕ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಲಿಲ್ಲ, ಬಳೆಗಳೂ ಮತ್ತೆ ಪೆಟ್ಟಿಗೆಯಿಂದ ಹೊರಗೆ ಹೋಗಲಿಲ್ಲ. ನೀನೂ ಮೊದಲು ನಾಲ್ಕು ವರ್ಷದ ಶುಲ್ಕ ಯಾವ ಯಾವ ತಿಂಗಳಲ್ಲಿ ಎಷ್ಟೆಷ್ಟು ಕಟ್ಟಬೇಕೆಂದು ಒಂದು ಹಾಳೆಯಲ್ಲಿ ಬರೆ. ಬರೆದು ನೋಡಿದರೆ ಇಡೀ ಜಾಗದ ಬೆಲೆ ಒಂದೇ ದಿನ ಬೇಕಾಗಿಲ್ಲ ಎಂದು ನಿನಗೇ ಕಾಣುತ್ತದೆ.

ನಿನಗೆ ಮಲ್ಲಿಗೆ ಗಿಡವಿಲ್ಲ, ಆದರೆ ದೇರಳಕಟ್ಟೆಯಲ್ಲಿ ಮನೆಯಿದೆ. ಮೇಲಂತಸ್ತಿನ ಕೋಣೆಯಲ್ಲಿ ಹಳೆಯ ಕಪಾಟು, ಮುರಿದ ಸೈಕಲ್ಲು ತುಂಬಿಟ್ಟಿದ್ದೀಯಲ್ಲ, ಅದನ್ನು ಖಾಲಿ ಮಾಡಿಸಿ ಸುಣ್ಣ ಹೊಡೆಸು. ಸುತ್ತಮುತ್ತ ಅಷ್ಟು ವೈದ್ಯಕೀಯ, ನರ್ಸಿಂಗ್ ಕಾಲೇಜುಗಳಿವೆ. ಓದಲು ಬಂದ ಹೆಣ್ಣುಮಕ್ಕಳು ಇಬ್ಬರಿಗೆ ಬಾಡಿಗೆಗೆ ಕೊಡು. ನಿನ್ನ ಹೆಂಡತಿಗೆ ಆಗುವುದಾದರೆ ರಾತ್ರಿ ಊಟವನ್ನೂ ಕೊಡಬಹುದು, ಆದರೆ ಅವಳನ್ನು ಕೇಳಿ ತೀರ್ಮಾನಿಸು. ಹಿಂದೆ ನಮ್ಮ ಕಡೆ ಬಡ ಹುಡುಗರು ವಾರಾನ್ನ ಉಂಡು ಓದುತ್ತಿದ್ದರು, ದಿನಕ್ಕೊಂದು ಮನೆಯಂತೆ. ಮನೆಯಲ್ಲಿ ಪರರ ಮಕ್ಕಳು ಉಣ್ಣುವುದು ನಮಗೇನೂ ಹೊಸತಲ್ಲ.

ಉಳಿದದ್ದಕ್ಕೆ ಶಿಕ್ಷಣ ಸಾಲ ಅವಳ ಹೆಸರಿನಲ್ಲೇ ಇರಲಿ, ನೀನು ಜೊತೆಗೆ ಸಹಿ ಹಾಕು. 7.5 ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲದೆ ಕೊಡುವ ವ್ಯವಸ್ಥೆ ಬ್ಯಾಂಕುಗಳಲ್ಲಿದೆ. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷದ ಮೇಲೆ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಕೊನೆಗೆ ಮೊತ್ತ ನೋಡಿ ಮಕ್ಕಳು ಎದೆಗುಂದುತ್ತಾರೆ. ಕೋಣೆಯ ಬಾಡಿಗೆ ಬಂದ ಹಾಗೆಲ್ಲ ಆ ಬಡ್ಡಿಗೆ ಕಟ್ಟುತ್ತಾ ಹೋಗು. ಅವಳಿಗೆ ಸೀಟು ಸಿಕ್ಕ ಕಾಲೇಜು ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಪಟ್ಟಿಯಲ್ಲಿದೆಯೇ ಎಂದೂ ವಿಚಾರಿಸು. 2024ರಲ್ಲಿ ಬಂದ ಯೋಜನೆ ಅದು. ಮನೆಯ ವರಮಾನ ವರ್ಷಕ್ಕೆ 8 ಲಕ್ಷದೊಳಗಿದ್ದರೆ, 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ. 3ರಷ್ಟು ರಿಯಾಯಿತಿಗೆ ಅವಕಾಶವಿದೆ. ಉಡುಪಿಯ ಯಕ್ಷಗಾನ ಕಲಾರಂಗದವರು ವಿದ್ಯಾಪೋಷಕ್ ಹೆಸರಿನಲ್ಲಿ ಬಡ ಮಕ್ಕಳಿಗೆ ನೆರವು ನೀಡುತ್ತಾರೆ. ಅಲ್ಲಿಗೆ ಮಾತ್ರ ಅರ್ಜಿ ಹಾಕಬೇಡ. ಅದು ನಿಜವಾಗಿ ಏನೂ ಇಲ್ಲದವರ ಪಾಲು.

ಚೀಟಿಗೆ ಸೇರುವ ಯೋಚನೆಯಿದ್ದರೆ ನೋಂದಣಿಯಾದ ಕಡೆ ಮಾತ್ರ ಸೇರು. ಪರಿಚಯದವರೆಂದು ನಂಬಿ ನಾನು ಎರಡು ವರ್ಷ ಕಟ್ಟಿದ ಹಣ ಒಂದು ಬೆಳಿಗ್ಗೆ ಮಾಯವಾಯಿತು, ಅವರ ಮನೆಗೆ ಬೀಗ ಬಿದ್ದಿತ್ತು.

ಹತ್ತನೆಯಲ್ಲಿರುವ ನಿನ್ನ ಮಗನಿಗೂ ಯಂತ್ರಗಳೆಂದರೆ ಇಷ್ಟವಲ್ಲವೇ? ಮಂಗಳೂರಿನ ಸರಕಾರಿ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರಿಗಾಗಿ ಇರುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೆಯ ವರ್ಷದ ಇಂಜಿನಿಯರಿಂಗಿಗೆ ಸೇರಬಹುದು. ಅದರಲ್ಲಿ ಕೀಳೆನ್ನುವುದು ಏನೂ ಇಲ್ಲ.

ಹರೀಶ, ನನ್ನ ಮನಸ್ಸಿಗೆ ಕೊರೆಯುತ್ತಿರುವುದು ಜಾಗಕ್ಕಿಂತ ಹೆಚ್ಚಾಗಿ ನೀನು ಅವಳಿಂದ ಮುಚ್ಚಿಟ್ಟದ್ದು. ಅವಳಿಗೆ ಹದಿನೆಂಟು ತುಂಬುತ್ತಿದೆ, ಸಾಲದ ಪತ್ರಕ್ಕೆ ಸಹಿ ಹಾಕುವ ವಯಸ್ಸು. ಇದೆಲ್ಲ ಅವಳಿಗೆ ಗೊತ್ತಾದರೆ ಯಾವ ಕಾಲೇಜು, ಹಾಸ್ಟೆಲೋ ಮನೆಯಿಂದ ಬಸ್ಸೋ ಎಂದು ಅವಳೇ ಯೋಚಿಸುತ್ತಾಳೆ. ನಿನ್ನಣ್ಣ ಹಾಸ್ಟೆಲ್ ಬೇಡವೆಂದು ತಾನಾಗಿ ಹೇಳಿದ್ದು ನನ್ನ ಲೆಕ್ಕದ ಪುಸ್ತಕ ನೋಡಿದ ಮೇಲೆ.

ಆ ಪುಸ್ತಕ ಇನ್ನೂ ಇದೆ. ದೊಡ್ಡಪ್ಪನ ರಶೀದಿಗಳನ್ನು ಅದರೊಳಗೇ ಇಟ್ಟಿದ್ದೇನೆ. ಭಾನುವಾರ ಅವಳನ್ನು ಕರೆದುಕೊಂಡು ಬಾ. ಬೆಳಿಗ್ಗೆ ಬೇಗ ಬಂದರೆ ಮೊಗ್ಗು ಕೊಯ್ಯುವಾಗಲೇ ಅವಳೊಡನೆ ಮಾತನಾಡಬಹುದು.

ನಿನ್ನ ದೊಡ್ಡಮ್ಮ